ಜಾದೂಗಾರರ ಕೈ ನಿಜವಾಗ್ಲೂ ಅಷ್ಟು ವೇಗವಾಗಿರುತ್ತಾ?

ಪಾಮ್, ಫೋರ್ಸ್, ಮಿಸ್‌ಡೈರೆಕ್ಷನ್ ಅಂದ್ರೆ ಏನು, ಕೈಯನ್ನು ಅಷ್ಟು ವೇಗವಾಗಿ ಓಡಿಸೋದು ಹೇಗೆ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ: ವೇಗ ಬೇಕಾಗಿಯೇ ಇಲ್ಲ. ನಾನು ಹವ್ಯಾಸಕ್ಕೆ ನಾಣ್ಯ, ಇಸ್ಪೀಟು ಹಿಡಿದವನು. ಕೈ ಸರಕ್ಕನೆ ಓಡಿದರೆ ಎದುರಿಗಿದ್ದವರಿಗೆ ಅಲ್ಲೇ ಅನುಮಾನ ಬರುತ್ತದೆ.

ಫ್ರೆಂಚ್ ಡ್ರಾಪ್ ಎಂಬ ನಾಣ್ಯದ ಕೈಚಳಕ ನೋಡಿ. ಎಡಗೈಯ ಬೆರಳ ತುದಿಯಲ್ಲಿ ನಾಣ್ಯ ಇರುತ್ತದೆ. ಬಲಗೈ ಅದನ್ನು ತೆಗೆದುಕೊಳ್ಳುವ ಹಾಗೆ ಬಂದು ಮರೆ ಮಾಡುತ್ತದೆ. ಆ ಮರೆಯಲ್ಲಿ ನಾಣ್ಯ ಎಡಗೈಯೊಳಕ್ಕೇ ಬೀಳುತ್ತದೆ. ಬಲ ಮುಷ್ಟಿ ಖಾಲಿ. ಇಷ್ಟನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕಲಿಯಬಹುದು. ಕಷ್ಟ ಇರುವುದು ಆಮೇಲೆ. ನಿಮ್ಮ ಕಣ್ಣು ಆ ಖಾಲಿ ಮುಷ್ಟಿಯ ಹಿಂದೆಯೇ ಹೋಗಬೇಕು, ಎಡಗೈ ಸುಮ್ನೆ ಕೆಳಗಿಳಿಯಬೇಕು. ನೀವು ನೋಡಿದ ಕಡೆ ಜನರೂ ನೋಡುತ್ತಾರೆ. ಗಮನವನ್ನು ಬೇರೆಡೆ ತಿರುಗಿಸುವ ಮಿಸ್‌ಡೈರೆಕ್ಷನ್ ಎಂದರೆ ಅರ್ಧ ಇದೇ.

ಇನ್ನರ್ಧ ಸಮಯದ್ದು. ಒಂದು ಜೋಕು ಹೇಳಿದಾಗ, ಚಪ್ಪಾಳೆ ಬಿದ್ದಾಗ ಜನರ ಗಮನ ಒಂದು ಗಳಿಗೆ ಸಡಿಲವಾಗುತ್ತದೆ. ಅದಕ್ಕೆ ಆಫ್‌ಬೀಟ್ ಅಂತಾರೆ. ನಮ್ಮ ಬೀದಿ ಜಾದೂಗಾರರು ನೆಲದ ಮೇಲೆ ಕೂತು ಪುಟ್ಟ ಬಟ್ಟಲು, ಬಟ್ಟೆಯ ಉಂಡೆ ಇಟ್ಟುಕೊಂಡು ಆಡುತ್ತಾರಲ್ಲ, ಅವರು ಇದರಲ್ಲಿ ಪಳಗಿದವರು. ಜನ ನಗುತ್ತಿರುವಾಗಲೇ ಬಟ್ಟಲಿನ ಕೆಳಗೆ ದೊಡ್ಡದೇನೋ ಸೇರಿರುತ್ತದೆ. ಹಾಗೆ ಕದ್ದು ಸೇರಿಸುವುದೇ ಲೋಡ್. ಬಾಯಿ ಮುಚ್ಚದೆ ಹರಟುವುದೂ ಸುಮ್ಮನೆ ಅಲ್ಲ, ಆ ಮಾತಿಗೆ ಪ್ಯಾಟರ್ ಎಂದೇ ಹೆಸರಿದೆ.

ಪಾಮ್ ಎಂದರೆ ವಸ್ತುವನ್ನು ಕೈಯೊಳಗೆ ಅಡಗಿಸಿ, ಕೈ ಖಾಲಿ ಇದ್ದಂತೆ ಇಟ್ಟುಕೊಳ್ಳುವುದು. ಫೋರ್ಸ್ ಎಂದರೆ ನಾವೇ ಆರಿಸಿಕೊಂಡೆವು ಎಂದು ನೀವು ಅಂದುಕೊಂಡ ಇಸ್ಪೀಟೆಲೆ, ಜಾದೂಗಾರರು ಕೊಡಬೇಕೆಂದಿದ್ದ ಎಲೆಯೇ ಆಗಿರುವುದು. ನನ್ನ ಕೇಳಿದರೆ ಇಡೀ ಜಾದೂವಿನಲ್ಲಿ ಇದಕ್ಕಿಂತ ತುಂಟ ಕೆಲಸ ಇಲ್ಲ.

ಡಬಲ್ ಲಿಫ್ಟ್ ಇನ್ನೂ ಸರಳ: ಎರಡು ಎಲೆಗಳನ್ನು ಒಂದೇ ಎಂಬಂತೆ ಎತ್ತಿ ತೋರಿಸುವುದು. ಯಾವ ಜಾದೂ ಆದರೂ ಮೂರು ಸಲ ನೋಡಿದರೆ ಗುಟ್ಟು ಹೇಳುತ್ತೇನೆ ಎಂದು ಹೆಸರಾಂತ ಜಾದೂಗಾರ ಹೂಡಿನಿ ಜಂಬ ಕೊಚ್ಚುತ್ತಿದ್ದರು. 1922ರಲ್ಲಿ ಶಿಕಾಗೋದಲ್ಲಿ ಇನ್ನೊಬ್ಬ ಜಾದೂಗಾರ ಡಾಯ್ ವರ್ನನ್ ಇದೇ ತಂತ್ರದಿಂದ ಒಂದು ಎಲೆಯನ್ನು ಮೇಲಿನಿಂದ ಎರಡನೆಯದಾಗಿ ಇಟ್ಟು, ಅದನ್ನೇ ಮತ್ತೆ ಮತ್ತೆ ಮೇಲಕ್ಕೆ ತಂದು ತೋರಿಸಿದರು. ಹೂಡಿನಿಗೆ ಗುಟ್ಟು ಸಿಗಲೇ ಇಲ್ಲ. ಎಷ್ಟು ಸಲ ನೋಡಿದರೂ ಕೈಯಲ್ಲಿ ಅವಸರವೇ ಕಾಣದಿದ್ದರೆ ಹಿಡಿಯೋದು ಎಲ್ಲಿ, ಅಲ್ವಾ?

ದೊಡ್ಡ ವೇದಿಕೆಯದು ಬೇರೆ ಲೆಕ್ಕ. ಅಲ್ಲಿ ಪೆಟ್ಟಿಗೆ, ಬೆಳಕು, ಪ್ರೇಕ್ಷಕರು ಕೂತ ಕೋನ, ಸಹಾಯಕಿಯ ಮೈಬಳುಕು ಇವೇ ಜಾಸ್ತಿ ಕೆಲಸ ಮಾಡುತ್ತವೆ. 1956ರಲ್ಲಿ ನಮ್ಮ ದೇಶದ ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿ ಟಿವಿಯಲ್ಲಿ ಯುವತಿಯನ್ನು ಗರಗಸದಲ್ಲಿ ಕೊಯ್ದು ತೋರಿಸಿದರು. ಆಕೆಯನ್ನು ಎಬ್ಬಿಸುವ ಮೊದಲೇ ಕಾರ್ಯಕ್ರಮ ಮುಗಿದುಹೋಯಿತು. ಸತ್ತೇ ಹೋದಳು ಅಂದುಕೊಂಡ ಜನ ಬಿಬಿಸಿಗೆ ಫೋನಿನ ಮೇಲೆ ಫೋನ್ ಮಾಡಿದರಂತೆ. ಅದನ್ನೂ ಟೈಮಿಂಗ್ ಅನ್ನಬೇಕೋ ಏನೋ!

ಕಲಿಯುವ ಆಸೆ ಇದ್ದರೆ ಫಿಂಗರ್ ಪಾಮ್‌ನಿಂದ ಶುರು ಮಾಡಿ. ನಾಣ್ಯ ಮಡಿಸಿದ ಬೆರಳುಗಳ ಬುಡದಲ್ಲಿ ಕೂರುತ್ತದೆ, ಕೈ ಬಿಗಿಯುವುದಿಲ್ಲ. ಕನ್ನಡಿಯನ್ನೇ ನಂಬಬೇಡಿ, ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಕೈ ಕೆಲಸ ಮಾಡುವ ಆ ಕ್ಷಣಕ್ಕೇ ಎಷ್ಟೋ ಜನ ಗೊತ್ತಿಲ್ಲದೆ ಕಣ್ಣು ಮಿಟುಕಿಸುತ್ತಾರೆ. ಕನ್ನಡಿಯಲ್ಲಿ ಅದು ಕಾಣೋದೇ ಇಲ್ಲ.