ಮೂರು ಜೋನ್, ಎಷ್ಟು ಥರ್ಮೋಸ್ಟಾಟ್?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಹಳೇ ಮನೆ ಕೊಂಡಿದ್ದೇವೆ. ಒಂದೇ ಬಾಯ್ಲರ್, ಬಿಸಿನೀರಿನ ಹೀಟಿಂಗ್, ಮೂರು ಜೋನ್ (ಬೇರೆಬೇರೆಯಾಗಿ ಬಿಸಿ ಮಾಡುವ ಮನೆಯ ಭಾಗಗಳು). ಮೂರಕ್ಕೂ ವೈಫೈ ಥರ್ಮೋಸ್ಟಾಟ್ (ಕೋಣೆಯ ಬಿಸಿ ನೋಡಿ ಹೀಟಿಂಗ್ ಆನ್-ಆಫ್ ಮಾಡುವ ಸಾಧನ) ಬೇಕಾ?

ಉತ್ತರ: ಜೋನ್‌ಗೊಂದು ಥರ್ಮೋಸ್ಟಾಟ್ ಬೇಕೇ ಬೇಕು, ಆದರೆ ಎಲ್ಲವೂ ವೈಫೈನದ್ದೇ ಆಗಬೇಕಿಲ್ಲ, ಸುಮ್ನೆ ಖರ್ಚು. ಮೊದಲು ಬಾಯ್ಲರ್ ಸ್ವಿಚ್ ಆಫ್ ಮಾಡಿ, ಹಳೇ ಥರ್ಮೋಸ್ಟಾಟ್ ಮುಚ್ಚಳ ತೆಗೆದು ತಂತಿ ಎಣಿಸಿ. ಎರಡೇ ಇದ್ದರೆ, ವೈಫೈ ಥರ್ಮೋಸ್ಟಾಟ್‌ಗೆ ಸದಾ 24 ವೋಲ್ಟ್ ಕರೆಂಟ್ ಸಿಗಲು ಬೇಕಾದ ಸಿ ತಂತಿ ಅಲ್ಲಿಲ್ಲ ಎಂದರ್ಥ. ಹೊಸ ತಂತಿ ಎಳೆಸಬೇಕು, ಇಲ್ಲವೇ ಬ್ಯಾಟರಿಯ ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್ (ಯಾವ ಹೊತ್ತಿಗೆ ಎಷ್ಟು ಬಿಸಿ ಎಂದು ಮೊದಲೇ ಹೊಂದಿಸಿಡುವಂಥದ್ದು) ಸಾಕು. ನನ್ನ ಮಾತು ಕೇಳಿದರೆ, ಮಲಗುವ ಕೋಣೆಗಳಿಗೆ ಅದೇ ಹಾಕಿ, ರಾತ್ರಿ 64 ಫ್ಯಾರನ್‌ಹೀಟ್‌ಗೆ ಇಳಿಸಿ. ಅಡುಗೆಮನೆ ಹತ್ತಿರ ಮಾತ್ರ ಯಾವ ಥರ್ಮೋಸ್ಟಾಟೂ ಬೇಡ. ಒಗ್ಗರಣೆ ಬಿಸಿಗೇ ಅದು ಮನೆಯೆಲ್ಲ ಬೆಚ್ಚಗಾಯಿತು ಅಂದುಕೊಂಡು ಆಫ್ ಆಗುತ್ತದೆ, ಪಕ್ಕದ ಕೋಣೆಯಲ್ಲಿ ಅಜ್ಜಿ ನಡುಗುತ್ತಾ ಕೂತಿರುತ್ತಾರೆ.