ಕಣ್ಣು ಮುಚ್ಚಿದರೂ ಕಾಣದ ಮಾವಿನಹಣ್ಣು

ಕಲ್ಪನೆಯ ಬಗ್ಗೆ ಏನಾದರೂ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆ. ಅಂದುಕೊಂಡಿದ್ದಕ್ಕಿಂತ ಜಾಸ್ತಿ ಪತ್ರ ಬಂದಿವೆ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ನಾನು ಕಾದಂಬರಿ ಹಿಡಿದು ಕೂತರೆ ಸಾಕು, "ಅದೆಲ್ಲ ಕಟ್ಟುಕತೆ ಅಮ್ಮಾ, ವಿಜ್ಞಾನದಲ್ಲಿ ಕಲ್ಪನೆಗೆ ಜಾಗ ಇಲ್ಲ" ಅಂತಾನೆ. ಏನು ಹೇಳಲಿ? (ದಾವಣಗೆರೆಯ ಓದುಗರು)

ವಾದ ಮಾಡಬೇಡಿ. ಎರಡು ಕಲ್ಲಿನ ಕತೆ ಹೇಳಿ. ಭಾರದ ಕಲ್ಲು ಬೇಗ ಬೀಳುತ್ತದೆ, ಹಗುರದ್ದು ನಿಧಾನ ಅಂತ ಜನ ಸಾವಿರಾರು ವರ್ಷ ನಂಬಿದ್ದರು. ಗೆಲಿಲಿಯೋ ಹೇಳಿದ: ಸರಿ, ಹಾಗೇ ಇರಲಿ, ಈಗ ಆ ಎರಡೂ ಕಲ್ಲುಗಳನ್ನು ಸೇರಿಸಿ ಕಟ್ಟಿ ಬಿಡಿ. ಹಗುರದ ಕಲ್ಲು ನಿಧಾನದ್ದು ತಾನೆ, ಅದು ದೊಡ್ಡದನ್ನು ಹಿಂದಕ್ಕೆ ಜಗ್ಗಬೇಕು. ಅಂದರೆ ಜೋಡಿ ಕಲ್ಲು ದೊಡ್ಡ ಕಲ್ಲಿಗಿಂತ ನಿಧಾನ ಬೀಳಬೇಕು. ಆದರೆ ಎರಡೂ ಸೇರಿದ ಮೇಲೆ ಭಾರ ಇನ್ನೂ ಹೆಚ್ಚಾಯಿತಲ್ಲ, ಹಾಗಾಗಿ ಇನ್ನೂ ಬೇಗ ಬೀಳಬೇಕು! ಎರಡೂ ಒಟ್ಟಿಗೆ ಆಗೋದಕ್ಕೆ ಸಾಧ್ಯವಿಲ್ಲ, ಹಾಗಾದರೆ ಮೊದಲ ನಂಬಿಕೆಯೇ ತಪ್ಪು. ಗಾಳಿಯ ತಡೆ ಇಲ್ಲದಿದ್ದರೆ ಎರಡೂ ಒಟ್ಟಿಗೇ ಬೀಳುತ್ತವೆ.

ಇಷ್ಟಕ್ಕೆ ಒಂದು ಕಲ್ಲನ್ನೂ ಮುಟ್ಟಬೇಕಾಗಿಲ್ಲ ನೋಡಿ. ಇದು 1638ರಲ್ಲಿ ಹಾಲೆಂಡಿನ ಲೈಡನ್ ಊರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿದೆ. ಅದೂ ಹೇಗೆ, ಮೂರು ಜನ ಕೂತು ಹರಟುವ ಸಂಭಾಷಣೆಯ ರೂಪದಲ್ಲಿ! ನಿಮ್ಮ ಮಗ ಹೇಳುವ ಪುರಾವೆಯೂ ಬೇಕು, ಇಲ್ಲ ಅನ್ನೋದಿಲ್ಲ. ಗೆಲಿಲಿಯೋ ಇಳಿಜಾರು ಹಲಗೆಯ ಮೇಲೆ ಕಂಚಿನ ಗುಂಡು ಉರುಳಿಸಿ ಅಳೆದೂ ನೋಡಿದ. 1971ರಲ್ಲಿ ಅಪೋಲೋ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಹಕ್ಕಿ ಗರಿ ಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಆ ವಿಡಿಯೋ ಇದೆ, ಮಗನಿಗೆ ತೋರಿಸಿ. ಅವನು ನೋಡುವಷ್ಟು ಹೊತ್ತು ನೀವು ಕಾದಂಬರಿ ಓದಬಹುದು.

ಪ್ರಶ್ನೆ: ಸ್ವಲ್ಪ ನಾಚಿಕೆಯಿಂದಲೇ ಕೇಳುತ್ತಿದ್ದೇನೆ. ಧ್ಯಾನದ ತರಗತಿಯಲ್ಲಿ "ಕಣ್ಣು ಮುಚ್ಚಿ, ಒಂದು ಮಾವಿನಹಣ್ಣು ನೆನೆಸಿಕೊಳ್ಳಿ" ಅಂದರು. ಎಲ್ಲರೂ ಹಳದಿ, ಕೆಂಪು ಅಂತ ಬಣ್ಣ ಹೇಳುತ್ತಿದ್ದರು. ನನಗೆ ಬರೀ ಕತ್ತಲೆ. ನನಗೆ ಕಲ್ಪನಾಶಕ್ತಿಯೇ ಇಲ್ವಾ? (ಕುಮಟಾದ ಓದುಗರು)

ನಾಚಿಕೆ ಯಾಕೆ? ನಿಮ್ಮ ಹಾಗೆ ಇರುವವರು ತುಂಬಾ ಜನ ಇದ್ದಾರೆ, ಎಷ್ಟೋ ಜನಕ್ಕೆ ಅದು ಗೊತ್ತೇ ಇರೋದಿಲ್ಲ. "ಮನಸ್ಸಿನಲ್ಲಿ ನೋಡು" ಅನ್ನೋದನ್ನು ಬರೀ ಮಾತಿನ ವರಸೆ ಅಂದುಕೊಂಡಿರುತ್ತಾರೆ. 1880ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಒಂದು ಪ್ರಶ್ನೆಪಟ್ಟಿಯ ಫಲಿತಾಂಶ ಪ್ರಕಟಿಸಿದ. ಕೇಳಿದ್ದು ಇಷ್ಟೇ: ಇವತ್ತು ಬೆಳಿಗ್ಗೆ ನೀವು ತಿಂಡಿಗೆ ಕೂತ ಮೇಜು ಈಗ ಮನಸ್ಸಿನಲ್ಲಿ ಕಾಣುತ್ತದೆಯೇ, ಎಷ್ಟು ನಿಚ್ಚಳವಾಗಿ, ಬಣ್ಣ ಇದೆಯೇ? ಅವನು ವಿಚಾರಿಸಿದ ವಿಜ್ಞಾನಿಗಳಲ್ಲಿ ಹೆಚ್ಚಿನವರು ತಮಗೆ ಅಂಥ ಚಿತ್ರವೇ ಮೂಡೋದಿಲ್ಲ ಅಂದರಂತೆ. ಅವನಿಗೇ ಆಶ್ಚರ್ಯ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ಇದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. 2015ರಲ್ಲಿ ಆಡಂ ಜೆಮನ್ ಅನ್ನುವ ನರವಿಜ್ಞಾನಿ ಮತ್ತು ಅವರ ಜೊತೆಗಾರರು ಇದಕ್ಕೆ 'ಅಫ್ಯಾಂಟೇಸಿಯಾ' ಅಂತ ಹೆಸರಿಟ್ಟರು. ರೋಗ ಅಲ್ಲ.

ಇನ್ನು ಕಲ್ಪನೆಯ ಮಾತು. ಪಿಕ್ಸಾರ್ ಗೊತ್ತಲ್ವಾ, ಆನಿಮೇಷನ್ ಸಿನಿಮಾ ಮಾಡುವ ಕಂಪನಿ? ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್‌ಮುಲ್ ತಮಗೂ ಹೀಗೇ, ಏನೂ ಕಾಣೋದಿಲ್ಲ ಅಂತ ಹೇಳಿಕೊಂಡಿದ್ದಾರೆ. ಚಿತ್ರ ಕಾಣೋದು ಬೇರೆ, "ಹೀಗಾದರೆ ಹೇಗೆ" ಅಂತ ಯೋಚಿಸೋದು ಬೇರೆ. ನಿಮ್ಮ ಪತ್ರ ಓದಿದ ಮೇಲೆ ನಾನೂ ಕಣ್ಣು ಮುಚ್ಚಿ ಅಮ್ಮನ ಅಡಿಗೆಮನೆ ನೆನೆದೆ. ಒಲೆ ಪಕ್ಕದ ಸಾಸಿವೆ ಡಬ್ಬಿ ಇದೆ ಅಂತ ಗೊತ್ತು, ಅದರ ಮುಚ್ಚಳ ಬಿಗಿ ಅಂತಲೂ ಗೊತ್ತು, ಉಗುರು ಹಾಕಿ ತೆಗೆಯಬೇಕು. ಬಣ್ಣ ಮಾತ್ರ ಏನು ಮಾಡಿದರೂ ಬರಲಿಲ್ಲ. ನನ್ನ ಕಲ್ಪನೆ ಕೈಬೆರಳಲ್ಲಿದೆ ಅಂತ ಕಾಣುತ್ತದೆ. ನಿಮ್ಮದು ಎಲ್ಲಿದೆ ನೋಡಿಕೊಳ್ಳಿ. ಮಾವಿನಹಣ್ಣಿನ ವಾಸನೆ ನೆನಪಿಗೆ ಬರುತ್ತಾ? ಸೊನೆ ತುಟಿಗೆ ತಾಗಿದ ಉರಿ?

ಪ್ರಶ್ನೆ: ಕವಿಗಳು ಹೆಣ್ಣಿನ ಮುಖವನ್ನು ಚಂದ್ರನಿಗೆ ಹೋಲಿಸಿ ಹೋಲಿಸಿ ಸುಸ್ತಾಗೋದಿಲ್ವಾ? (ಕೋಲಾರದ ಓದುಗರು)

ಕವಿಗಳಿಗಂತೂ ಆದ ಹಾಗೆ ಕಾಣೋದಿಲ್ಲ. ಚಂದ್ರನಿಗೆ ಆಗಿರಬಹುದು.

ಅವರನ್ನು ಬಿಡಿ, ನಮ್ಮ ಒಗಟುಗಳನ್ನು ನೋಡಿ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ." ಉತ್ತರ ಮಲ್ಲಿಗೆ, ಎಲ್ಲರಿಗೂ ಗೊತ್ತು. ಕಟ್ಟಿದವರ ಹೆಸರು ಗೊತ್ತಿಲ್ಲ, ಆದರೆ ಅವರು ಮೊಸರು ಚೆಲ್ಲಿ ಒಮ್ಮೆಯಾದರೂ ಬೈಸಿಕೊಂಡವರು ಅಂತ ನನ್ನ ಅನುಮಾನ. ಓದದೆಯೂ ಕಾವ್ಯದಲ್ಲಿ ಪಳಗಿದ ಜನ ಈ ನಾಡಿನವರು ಅಂತ 9ನೇ ಶತಮಾನದ ಕವಿರಾಜಮಾರ್ಗ ಹೊಗಳುತ್ತದಲ್ಲ, ಇಂಥವರನ್ನು ನೋಡಿಯೇ ಇರಬೇಕು.

ಪ್ರಶ್ನೆ: ನಾನು ಗಾರೆ ಮೇಸ್ತ್ರಿ. ನಮ್ಮ ಕೆಲಸದಲ್ಲಿ ಕಲ್ಪನೆ ಇದೆ ಅಂತ ಯಾರೂ ಒಪ್ಪೋದಿಲ್ಲ. ನೀವಾದರೂ ಹೇಳಿ. (ಹಾಸನದ ಓದುಗರು)

ಮೇಸ್ತ್ರಿಗಳೇ, ನಾನು ಒಪ್ಪಿ ವರ್ಷಗಳಾದವು. ನಮ್ಮ ಮನೆ ಕಟ್ಟಿಸುವಾಗ ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿಯಲ್ಲಿ ಗುರುತು ಹಾಕಿದರು. ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆ ಬೆಂಕಿಪೊಟ್ಟಣದ ಹಾಗೆ ಕಂಡಿತು. ನನ್ನ ಹೆಂಡತಿ "ಇದರಲ್ಲಿ ಮಂಚ ಹಾಕಿದರೆ ನಾವು ಎಲ್ಲಿ ನಿಲ್ಲೋದು" ಅಂತ ಗಾಬರಿಯಾದಳು. ಮೇಸ್ತ್ರಿ ನಕ್ಕು, ಬಾಗಿಲು ಬರುವ ಜಾಗದಲ್ಲಿ ನಿಂತು, ಇಲ್ಲದ ಬಾಗಿಲನ್ನು ತಳ್ಳಿ ಒಳಗೆ ಬಂದು, ಇಲ್ಲದ ಮಂಚ ಸುತ್ತಿಕೊಂಡು ಕಿಟಕಿ ಹತ್ತಿರ ಹೋಗಿ ನಿಂತರು. "ಗೋಡೆ ಏಳಲಿ ಅಮ್ಮಾ, ದೊಡ್ಡದಾಗುತ್ತೆ." ಹಾಗೇ ಆಯಿತು. ಮಂಚದ ಜೊತೆ ಬೀರುವೂ ಹಿಡಿಯಿತು.

ಪ್ರಶ್ನೆ: ಮೊಬೈಲ್ ಬಂದ ಮೇಲೆ ಮಕ್ಕಳ ಕಲ್ಪನೆ ಸತ್ತೇಹೋಯಿತು, ಅಲ್ವಾ? (ಪುತ್ತೂರಿನ ಓದುಗರು)

ಸಿನಿಮಾ ಬಂದಾಗಲೂ ಹೀಗೇ ಅಂದಿದ್ದರು, ಟಿವಿ ಬಂದಾಗಲೂ. ಆದರೆ ನಿಮ್ಮ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಎಲ್ಲವನ್ನೂ ತೋರಿಸಿಬಿಟ್ಟರೆ ನೋಡುವವರಿಗೆ ಕೆಲಸ ಉಳಿಯೋದಿಲ್ಲ. ತಾಳಮದ್ದಲೆ ನಿಮ್ಮ ಊರಿನದ್ದೇ ಅಲ್ವಾ, ನಾನು ಹೇಳಬೇಕೆ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಕುರ್ಚಿಯಲ್ಲಿ ಕೂತ ಅರ್ಥಧಾರಿ ಹೆಗಲ ಶಾಲು ಸರಿಮಾಡಿಕೊಂಡು ಮೈಕಿನ ಮುಂದೆ ಮಾತು ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಆ ಕನ್ನಡಕದ ಮೇಷ್ಟ್ರು ಹೋಗಿ ಕರ್ಣ ಕೂತಿರುತ್ತಾನೆ. ಕಿರೀಟ ಹಾಕಿದ್ದು ಯಾರು? ಕೇಳುತ್ತಾ ಕೂತ ನಾವೇ. ಮಕ್ಕಳಿಗೂ ಅಷ್ಟೇ. ಫ್ರಿಜ್ ಬಂದ ದಿನ ಫ್ರಿಜ್ಜಿಗಿಂತ ಅದರ ರಟ್ಟಿನ ಪೆಟ್ಟಿಗೆಗೆ ಜಾಸ್ತಿ ಜಗಳ ಆಗುತ್ತದೆ. ಆ ಪೆಟ್ಟಿಗೆಯನ್ನು ಗುಜರಿಗೆ ಹಾಕೋಕೆ ಅವಸರ ಮಾಡಬೇಡಿ.

ಪ್ರಶ್ನೆ: ಮಗಳು ಕೆಲಸದಿಂದ ಬರೋದು ಹತ್ತು ನಿಮಿಷ ತಡವಾದರೆ ಸಾಕು, ನನ್ನ ತಲೆಯಲ್ಲಿ ಆಕ್ಸಿಡೆಂಟು, ಆಸ್ಪತ್ರೆ, ಎಲ್ಲ ಬಂದುಬಿಡುತ್ತದೆ. ಈ ಕಲ್ಪನೆ ನಿಲ್ಲಿಸೋದು ಹೇಗೆ? (ಮೈಸೂರಿನ ಓದುಗರು)

ನಿದ್ದೆ, ಊಟ ಕೆಡುವಷ್ಟಾದರೆ ಡಾಕ್ಟರ ಹತ್ತಿರ ಮಾತಾಡಿ, ಅದರಲ್ಲಿ ಸಂಕೋಚ ಬೇಡ. ಅಷ್ಟಿಲ್ಲ ಅಂದರೆ ನಿಲ್ಲಿಸೋದು ಬೇಡ, ಕತೆ ಬದಲಾಯಿಸಿ. ಕತೆಗಾರರು ಒಂದೇ ಮುಕ್ತಾಯಕ್ಕೆ ಜೋತುಬೀಳೋದಿಲ್ಲ, ನಾಲ್ಕಾರು ಬರೆದು ನೋಡುತ್ತಾರೆ. ನೀವೂ ನೋಡಿ: ಬಸ್ಸು ತಪ್ಪಿತು. ಮೊಬೈಲ್ ಚಾರ್ಜ್ ಮುಗಿಯಿತು. ಮ್ಯಾನೇಜರು ಹೊರಡುವ ಹೊತ್ತಿಗೆ ಸರಿಯಾಗಿ ಏನೋ ಕೆಲಸ ಹೇಳಿದರು. ಇಲ್ಲಾ, ಗೆಳತಿ ಜೊತೆ ಗಾಡಿ ಮುಂದೆ ನಿಂತು ಚುರುಮುರಿ ತಿನ್ನುತ್ತಿದ್ದಾಳೆ, ಈರುಳ್ಳಿ ಜಾಸ್ತಿ ಹಾಕಿ ಅಂತಿದ್ದಾಳೆ, ಅಮ್ಮನ ನಾಲ್ಕು ಕರೆ ಬ್ಯಾಗಿನೊಳಗೆ ಸುಮ್ಮನೆ ಮಿನುಗುತ್ತಿವೆ.

ಬಂದ ಮೇಲೆ ಕೈ ವಾಸನೆ ನೋಡಿ.