35 ಗಂಟೆ ದಾಟಿದರೆ ಕೇಸ್ ಹಾಕಬಹುದಾ?

ಪ್ರಶ್ನೆ: ಮಗ ಪ್ಯಾರಿಸ್‌ನ ಐಟಿ ಕಂಪನಿಯೊಂದರಲ್ಲಿ ಇಂಜಿನಿಯರ್. ಫ್ರಾನ್ಸ್‌ನಲ್ಲಿ ವಾರಕ್ಕೆ 35 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ಸಂಜೆ ಆರರ ಮೇಲೆ ಮೇಲ್ ಕಳಿಸಿದರೂ ಅಪರಾಧ ಅಂತ ಓದಿದ್ದೆವು. ಇವನು ರಾತ್ರಿ ಎಂಟಾದರೂ ಆಫೀಸಿನಲ್ಲೇ ಇರುತ್ತಾನೆ. ಓವರ್‌ಟೈಮ್ ದುಡ್ಡೂ ಇಲ್ಲ. ಕೇಸ್ ಹಾಕಬಹುದಾ?

ಉತ್ತರ: ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ಅದೇ ವಾಟ್ಸಾಪ್ ಮೆಸೇಜ್ ಜೊತೆಗೆ ಬರುತ್ತದೆ. ಮೊದಲು ಅದನ್ನು ಅಳಿಸಿಹಾಕಿ.

35 ಗಂಟೆ ಅನ್ನುವುದು ಮಿತಿ ಅಲ್ಲ. ಅಲ್ಲಿಂದ ಆಚೆಗೆ ಓವರ್‌ಟೈಮ್ ಲೆಕ್ಕ ಶುರುವಾಗುತ್ತದೆ, ಅಷ್ಟೇ. ಮೊದಲ ಎಂಟು ಗಂಟೆಗೆ ಶೇ. 25 ಹೆಚ್ಚು, ಅದರ ಮೇಲೆ ಶೇ. 50 ಹೆಚ್ಚು, ಕಂಪನಿಯ ಅಥವಾ ಉದ್ಯಮದ ಒಪ್ಪಂದದಲ್ಲಿ ಬೇರೆ ದರ ಇದ್ದರೆ ಅದು. ನಿಜವಾದ ಮಿತಿ ದಿನಕ್ಕೆ 10 ಗಂಟೆ, ವಾರಕ್ಕೆ 48.

ಆದರೆ ಇಂಜಿನಿಯರ್‌ಗಳ ವಿಷಯದಲ್ಲಿ ಈ ಲೆಕ್ಕವೇ ಬೇರೆ ಇರಬಹುದು. ಮಗನ ಸಂಬಳದ ಚೀಟಿ ತರಿಸಿ ನೋಡಿ. ಅದರಲ್ಲಿ 151,67 ಅಂತ ಇದ್ದರೆ ಅವನು ಗಂಟೆ ಲೆಕ್ಕದವನು. ವಾರಕ್ಕೆ 35ರಂತೆ ತಿಂಗಳಿಗೆ ಬರುವ ಗಂಟೆ ಅದು. 218 ದಿನ ಅಂತ ಇದ್ದರೆ ಅವನು 'ಫೋರ್ಫೆ ಜೂರ್', ಅಂದರೆ ದಿನ ಲೆಕ್ಕದವನು. ಆಗ ಓವರ್‌ಟೈಮ್ ಇಲ್ಲ, ಮೇಲೆ ಹೇಳಿದ 10 ಮತ್ತು 48 ಗಂಟೆಯ ಮಿತಿಯೂ ಇಲ್ಲ. ಹಾಗಂತ ಕೈಚೆಲ್ಲಬೇಡಿ. ಎರಡು ದಿನಗಳ ಕೆಲಸದ ನಡುವೆ 11 ಗಂಟೆ ಬಿಡುವು ಕೊಡಲೇಬೇಕು. ರಾತ್ರಿ ಹತ್ತಕ್ಕೆ ಕೆಲಸ ಬಿಟ್ಟವನನ್ನು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಕರೆಯುವಂತಿಲ್ಲ. ವಾರಕ್ಕೊಮ್ಮೆ ಒಟ್ಟಿಗೆ 35 ಗಂಟೆ ರಜೆ ಕೊಡಬೇಕು. ಕೆಲಸದ ಹೊರೆ ಹೆಚ್ಚಾಗಿದೆಯಾ ಅಂತ ಕಂಪನಿ ನೋಡುತ್ತಿರಬೇಕು. ನೋಡಿಲ್ಲ ಅಂತ ಸಾಬೀತಾದರೆ ಕೋರ್ಟು ಆ ದಿನ ಲೆಕ್ಕವನ್ನೇ ಪಕ್ಕಕ್ಕಿಡಬಹುದು. ಆಗ ಹಿಂದಿನ ಮೂರು ವರ್ಷದ ಓವರ್‌ಟೈಮ್ ಕೇಳಬಹುದು.

ಆರು ಗಂಟೆಯ ಕಥೆ ಹುಟ್ಟಿದ್ದೂ ಇಲ್ಲಿಂದಲೇ. ಐಟಿ ಮತ್ತು ಸಲಹಾ ಕಂಪನಿಗಳ ಒಪ್ಪಂದದಲ್ಲಿದ್ದ ದಿನ ಲೆಕ್ಕದ ನಿಯಮ ಕೆಲಸಗಾರರ ಆರೋಗ್ಯ ಕಾಯುವುದಿಲ್ಲ ಅಂತ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2013ರ ಏಪ್ರಿಲ್‌ನಲ್ಲಿ ಹೇಳಿತು. ಮರುವರ್ಷ ಕಂಪನಿಗಳೂ ಯೂನಿಯನ್‌ಗಳೂ ಕೂತು ಹೊಸ ಒಪ್ಪಂದ ಮಾಡಿಕೊಂಡವು. ಬಿಡುವಿನ ಹೊತ್ತಿನಲ್ಲಿ ಫೋನು, ಮೇಲ್ ಬಂದ್ ಮಾಡಬೇಕು ಅಂತ ಬರೆದರು. ಅದರಲ್ಲಿ ಆರು ಗಂಟೆ ಅನ್ನುವ ಮಾತೇ ಇಲ್ಲ. ಅದನ್ನು ಹೊರದೇಶದ ಪತ್ರಿಕೆಗಳು ಸೇರಿಸಿದವು. 2017ರ ಜನವರಿಯಿಂದ ಈ ಹಕ್ಕು ಕಾರ್ಮಿಕ ಕೋಡ್‌ಗೂ, ಅಂದರೆ ಕೆಲಸದ ಕಾನೂನುಗಳನ್ನೆಲ್ಲ ಒಟ್ಟು ಮಾಡಿದ ಸಂಹಿತೆಗೂ ಬಂದಿದೆ. ಅಲ್ಲೂ ಗಂಟೆ ನಿಗದಿ ಮಾಡಿಲ್ಲ.

ಯಾರಾದರೂ 'ಕೋಡ್‌ನಲ್ಲೇ ಇದೆ' ಅಂದರೆ ವಿಧಿಯ ನಂಬರ್ ಕೇಳಿ. 35 ಗಂಟೆಯದ್ದು ಎಲ್ 3121-27. ಪಿನ್ ಕೋಡ್ ಓದಿದ ಹಾಗೆ ಓದಿ: ಮೂರನೇ ಭಾಗ, ಒಂದನೇ ಪುಸ್ತಕ, ಎರಡನೇ ಶೀರ್ಷಿಕೆ, ಒಂದನೇ ಅಧ್ಯಾಯ, 27ನೇ ವಿಧಿ. ಮುಂದಿರುವ ಅಕ್ಷರ ಇನ್ನೂ ಮುಖ್ಯ. ಎಲ್ ಅಂದರೆ ಸಂಸತ್ತಿನ ಕಾನೂನು. ಆರ್ ಮತ್ತು ಡಿ ಅಂದರೆ ಸರ್ಕಾರದ ಆದೇಶ. ನಂಬರ್ ಹೇಳಲು ಬಾರದವರ ಮಾತು ನಂಬಿ ಕೋರ್ಟಿಗೆ ಹೋಗಬೇಡಿ.

ಕೇಸ್ ಹಾಕಬಹುದು. ಆದರೆ ನಾನು ಯಾರಿಗೂ ಅಲ್ಲಿಂದ ಶುರು ಮಾಡಿ ಅನ್ನುವುದಿಲ್ಲ. ಮಗ ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬಂದ ಹೊತ್ತು, ಹೋದ ಹೊತ್ತು ಬರೆದಿಡಲಿ. ಕೆಲಸ ಜಾಸ್ತಿಯಾಗಿದೆ ಅಂತ ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿದರೆ ಸಾಲದು, ಮೇಲ್ ಬರೆಯಲಿ. ಕಾರ್ಮಿಕ ನ್ಯಾಯಾಲಯ ಎರಡೂ ಕಡೆಯವರಿಂದ ಲೆಕ್ಕ ಕೇಳುತ್ತದೆ. ಬರೆದಿಟ್ಟವರ ಮಾತಿಗೆ ಅಲ್ಲಿ ತೂಕ ಇದೆ.

ಪ್ರಶ್ನೆ: ಆಫೀಸಿನ ಮೇಜಿನಲ್ಲೇ ಡಬ್ಬಿ ಬಿಚ್ಚಿ ಊಟ ಮಾಡಬಾರದಂತೆ, ನಿಜವಾ?

ನಿಜ. ಆರ್ 4228-19. ಆರ್ ಆದ್ದರಿಂದಲೇ 2021ರ ಫೆಬ್ರವರಿಯಲ್ಲಿ ಕೋವಿಡ್ ಕಾರಣಕ್ಕೆ ಸರ್ಕಾರ ಒಂದು ಆದೇಶದಲ್ಲೇ ಇದನ್ನು ಕೆಲಕಾಲ ಸಡಿಲಿಸಿತು.

ಪ್ರಶ್ನೆ: ಓದಲು ಹೋದವರು ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು ಅಂತ ಕನ್ಸಲ್ಟೆನ್ಸಿಯವರು ಹೇಳಿದರು.

ಅದು ಬೇರೆ ದೇಶದ ಲೆಕ್ಕ. ಫ್ರಾನ್ಸ್‌ನಲ್ಲಿ ವರ್ಷಕ್ಕೆ 964 ಗಂಟೆ. 20ರಂತೆ ವರ್ಷಪೂರ್ತಿ ದುಡಿದರೆ ಮಿತಿ ದಾಟುತ್ತದೆ, ವೀಸಾಗೆ ಕುತ್ತು ಬರುತ್ತದೆ. ಫೀಸ್ ತೆಗೆದುಕೊಂಡು ಇಷ್ಟೂ ತಿಳಿಯದವರ ಹತ್ತಿರ ಮಕ್ಕಳ ಭವಿಷ್ಯ ಒಪ್ಪಿಸಬೇಡಿ.

ಪ್ರಶ್ನೆ: ಪ್ಯಾರಿಸ್ ಮನೆಗೆ ಆರು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ. ಯಾವ ಕೋಡ್‌ನಲ್ಲಿ ನೋಡಲಿ?

ಕೋಡ್‌ನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅದು 1989ರ ಜುಲೈ 6ರ ಪ್ರತ್ಯೇಕ ಕಾನೂನು. ಬರೀ ಮನೆಗೆ ಒಂದು ತಿಂಗಳ ಬಾಡಿಗೆ, ಸಾಮಾನು ಸಹಿತ ಮನೆಗೆ ಹೆಚ್ಚೆಂದರೆ ಎರಡು. ಆರು ಕೇಳಿದವರಿಗೆ ಒಂದು ಯೂರೋ ಕೂಡ ಕಳಿಸಬೇಡಿ.